ಮೂಲೆಯಲ್ಲಿದ್ದ ಗುಂಡಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇನ್ನೂ ಐದು ನಿಮಿಷವಿರುವಾಗ ನೆನಪಣ್ಣ ತನ್ನ ಕುರ್ಚಿಯಲ್ಲಿ ಕೂತು, ಕಂಪ್ಯೂಟರ್ ಪರದೆಯ ಎಡಗಡೆ ಕೆಳಮೂಲೆಗೆ ಬಾಣವನ್ನು ಒಯ್ದು ಒಮ್ಮೆ ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದ. ಅಲ್ಲಿ ಒತ್ತಬೇಕಾದ ಗುಂಡಿಯೇ ಇರಲಿಲ್ಲ. ಅದರ ಜಾಗದಲ್ಲಿ ಪುಟ್ಟ ಸೂರ್ಯನೊಬ್ಬ ಮೋಡದ ಹಿಂದಿನಿಂದ ಇಣುಕಿ, ಹೊರಗೆ ಬಿಸಿಲು ಎಷ್ಟಿದೆ ಎಂದು ಹೇಳುತ್ತಿದ್ದ.

ಹನ್ನೊಂದು ವರ್ಷದಿಂದ ಆ ಗುಂಡಿ ಆ ಮೂಲೆ ಬಿಟ್ಟು ಕದಲಿರಲಿಲ್ಲ. ಕತ್ತಲಲ್ಲೂ ಮನೆಯ ದೀಪದ ಸ್ವಿಚ್ಚು ಕೈಗೆ ಸಿಗುವ ಹಾಗೆ ಅದು ನೆನಪಣ್ಣನ ಕೈಗೆ ಸಿಗುತ್ತಿತ್ತು. ಒತ್ತಿದರೆ ಒಂದು ಪಟ್ಟಿ ಮೇಲೇಳುತ್ತಿತ್ತು. ಪಟ್ಟಿಯ ಮೂರನೆಯ ಸಾಲಿನಲ್ಲಿ ಜನನದ ಪುಸ್ತಕ, ನಾಲ್ಕನೆಯದರಲ್ಲಿ ಮರಣದ ಪುಸ್ತಕ. ಇಷ್ಟೇ ಅವನ ಕಂಪ್ಯೂಟರ್ ಜ್ಞಾನ. ಇಷ್ಟರಲ್ಲೇ ಇಡೀ ಪಟ್ಟಣದ ಹುಟ್ಟುಸಾವುಗಳನ್ನು ನಿಭಾಯಿಸಿಕೊಂಡು ಬಂದಿದ್ದ. ಬೆಳಿಗ್ಗೆ ಯಂತ್ರ ತೆರೆದಾಗ ಎರಡು ಮೂರು ಚೌಕಗಳು ಎದ್ದು ಬಂದು ಏನೋ ಹೇಳಲು ನೋಡಿದ್ದವು, ನಿಜ. ಆದರೆ ನೆನಪಣ್ಣ ಅಂಥವನ್ನೆಲ್ಲ ಓದುವ ಗೋಜಿಗೆ ಹೋದವನಲ್ಲ. ಏನೇ ಎದ್ದು ಬಂದರೂ 'ಸರಿ' ಎಂಬುದನ್ನು ಒತ್ತಿ, ಬಾಗಿಲಿಗೆ ಬಂದ ಮಾರಾಟಗಾರರನ್ನು ಸಾಗಹಾಕುವ ಹಾಗೆ ಸಾಗಹಾಕುತ್ತಿದ್ದ.

ಜನನ ಮರಣ ನೋಂದಣಿ ಕಚೇರಿಯಲ್ಲಿ ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. "ನನ್ನ ಮಗಳು ಹುಟ್ಟಿದ್ದು ಆ ದೊಡ್ಡ ಗಾಳಿ ಬಂದ ವರ್ಷ" ಎಂದು ಯಾರಾದರೂ ಕಿಟಕಿಯಲ್ಲಿ ತಲೆ ತೂರಿಸಿದರೆ ಸಾಕು, "ಹಸಿರು ರಟ್ಟಿನ ನಾಲ್ಕನೇ ಪುಸ್ತಕ, ಬಲಗಡೆ ಪುಟ, ಮೇಲಿಂದ ಎರಡನೇದು" ಎಂದು ಕೂತಲ್ಲಿಂದಲೇ ಹೇಳಿಬಿಡುತ್ತಿದ್ದ. ಅದಕ್ಕೇ ಆ ಹೆಸರು ಬಿದ್ದಿತ್ತು. ಹಾಗಾಗಿ ಗುಂಡಿ ಕಾಣದಿದ್ದಾಗ, ಗುಂಡಿಗೆ ಏನೋ ಆಗಿದೆ ಎಂದು ಅವನಿಗೆ ಹೊಳೆಯಲಿಲ್ಲ. ತನಗೇ ಏನೋ ಆಗಿದೆ ಎಂದು ಹೊಳೆಯಿತು.

ಅದಕ್ಕೆ ಕಾರಣವೂ ಇತ್ತು. ಅವನ ಅಪ್ಪ ಹೊಲಿಗೆಯವರು. ಗಿರಾಕಿಗಳ ಅಳತೆಯನ್ನು ಎಂದೂ ಬರೆದುಕೊಂಡವರಲ್ಲ. ಇನ್ನೂರು ಜನರ ಎದೆ, ತೋಳು, ಸೊಂಟ ಅವರ ತಲೆಯಲ್ಲೇ ಇರುತ್ತಿದ್ದವು. ಅಂಥವರು ಒಂದು ದಿನ ತಮ್ಮದೇ ಅಂಗಡಿಯ ಮುಂದೆ ನಿಂತು, ಹಾದುಹೋಗುವವರನ್ನು "ಇಲ್ಲೆಲ್ಲೋ ಒಂದು ಹೊಲಿಗೆ ಅಂಗಡಿ ಇತ್ತಲ್ಲ, ಎಲ್ಲಿ?" ಎಂದು ಕೇಳಿದ್ದರು. ಆಗ ಅವರಿಗೆ ಐವತ್ತಾರು. ನೆನಪಣ್ಣನಿಗೆ ಹೋದ ತಿಂಗಳಷ್ಟೇ ಐವತ್ತಾರು ತುಂಬಿತ್ತು.

ಮೂರಡಿ ಆಚೆ ಪಕ್ಕದ ಮೇಜಿನಲ್ಲಿ ಟಪಾಲಕ್ಕ ಕೂತಿದ್ದಳು. ಬರುವ ಹೋಗುವ ಕಾಗದಗಳೆಲ್ಲ ಅವಳ ಕೈಮೇಲೇ ಹಾಯುತ್ತಿದ್ದುದರಿಂದ ಅವಳಿಗೆ ಆ ಹೆಸರು. ಕಾಗದಗಳ ಜೊತೆಗೆ ಕಚೇರಿಯ ಸುದ್ದಿಗಳೂ ಅವಳ ಮೂಲಕವೇ ಸಾಗುತ್ತಿದ್ದವು. ನೆನಪಣ್ಣ ನೀರು ಕುಡಿಯುವ ನೆಪದಲ್ಲಿ ಎದ್ದು, ಅವಳ ಬೆನ್ನ ಹಿಂದೆ ಹಾದು, ಅವಳ ಪರದೆಯನ್ನು ಓರೆಗಣ್ಣಿನಿಂದ ನೋಡಿದ. ಅದೇ ಹಳೆಯ ನೀಲಿ, ಅದೇ ಮೂಲೆ, ಮೂಲೆಯಲ್ಲಿ ಅದೇ ಗುಂಡಿ.

"ನಿನ್ನ ಕಂಪ್ಯೂಟರ್ ಎಲ್ಲಾ ಸರಿಯಾಗಿದೆಯಾ?" ಎಂದು ಕೇಳಿದ.

"ಅದು ಕೆಟ್ಟಿದ್ದು ಯಾವಾಗ?"

"ಕೆಟ್ಟಿಲ್ಲ ಅನ್ನು. ಆ ಗುಂಡಿ ಮೊದಲಿಂದಲೂ ಅಲ್ಲೇ ಇತ್ತು, ಅಲ್ವಾ?"

ಟಪಾಲಕ್ಕ ಅವನನ್ನೇ ನೋಡಿದಳು. "ಮತ್ತೆಲ್ಲಿರುತ್ತೆ ಅಣ್ಣ?"

"ಸುಮ್ನೆ ಕೇಳ್ದೆ."

ಬಂದು ಕೂತು ತನ್ನ ಪರದೆ ನೋಡಿದ. ಸೂರ್ಯ ಇನ್ನೂ ಇಣುಕುತ್ತಿದ್ದ. ಪರದೆಯನ್ನು ಯಾರಿಗೂ ಕಾಣದ ಹಾಗೆ ಗೋಡೆಯ ಕಡೆಗೆ ಇನ್ನಷ್ಟು ತಿರುಗಿಸಿಕೊಂಡ.

ಹತ್ತು ಗಂಟೆಗೆ ಕಿಟಕಿ ತೆರೆಯಿತು. ಮೊದಲನೆಯ ಸರದಿ ಒಬ್ಬ ಹೊಸ ಅಪ್ಪನದು. ಹುಟ್ಟಿ ಹನ್ನೆರಡು ದಿನವಾದ ಮಗುವಿನ ಪ್ರಮಾಣಪತ್ರಕ್ಕೆ ಬಂದಿದ್ದ. ಹನ್ನೆರಡು ದಿನವೂ ನಿದ್ದೆಯಿಲ್ಲದ ಕಣ್ಣು, ಅಂಗಿಯ ಭುಜದ ಮೇಲೆ ಹಾಲು ಕಕ್ಕಿದ ಕಲೆ. ಆದರೂ ಮುಖದ ತುಂಬ ನಗು.

"ಎರಡು ನಿಮಿಷ ಕೂತಿರಿ" ಎಂದ ನೆನಪಣ್ಣ. ಈ ಮಾತನ್ನು ಅವನು ಹನ್ನೊಂದು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

ಆಮೇಲೆ ಶುರುವಾಯಿತು ಹುಡುಕಾಟ. ಬಲಗಡೆ ಮೂಲೆ ಒತ್ತಿದ. ಎಲ್ಲವೂ ಮಾಯವಾಗಿ ಬರೀ ಒಂದು ಬೆಟ್ಟದ ಚಿತ್ರ ಉಳಿಯಿತು. ಬೆಟ್ಟವನ್ನೇ ಒತ್ತಿದ, ಏನೂ ಆಗಲಿಲ್ಲ. ಇನ್ನೇನನ್ನೋ ಒತ್ತಿದ, ಪರದೆ ನಾಲ್ಕು ಹೋಳಾಗಿ, ಪಾಲಿಗಾಗಿ ಜಗಳ ಆಡಿದ ಅಣ್ಣತಮ್ಮಂದಿರ ಮನೆಯ ಹಾಗೆ ಕಂಡಿತು. ಹೇಗೋ ಅದನ್ನು ಒಂದು ಮಾಡುವಷ್ಟರಲ್ಲಿ ಅಕ್ಷರಗಳೆಲ್ಲ ದಪ್ಪವಾಗಿ, ಯಂತ್ರದೊಳಗಿಂದ ಒಬ್ಬ ಹೆಂಗಸು ತಣ್ಣಗಿನ ದನಿಯಲ್ಲಿ ಪರದೆಯ ಮೇಲಿದ್ದುದನ್ನೆಲ್ಲ ಓದತೊಡಗಿದಳು. ನೆನಪಣ್ಣ ಗಾಬರಿಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದ. ಹೆಂಗಸು ಸುಮ್ಮನಾದಳು. ಬಲಗಡೆಯಿಂದ ಒಂದು ಪಟ್ಟಿ ಜಾರಿ ಬಂದು, ಅದರಲ್ಲಿದ್ದ ಚೌಕವೊಂದು ಮಿನುಗಿ, 'ಜೋಡಿಸಲಾಗಿದೆ' ಎಂದಿತು. ಏನನ್ನು ಯಾವುದಕ್ಕೆ ಜೋಡಿಸಲಾಗಿದೆ ಎಂದು ಅವನೂ ಕೇಳಲಿಲ್ಲ, ಅದೂ ಹೇಳಲಿಲ್ಲ. 'ಸರಿ' ಒತ್ತಿದ.

ಕೊನೆಗೆ ಪರದೆಯ ಕೆಳಗೆ ಒಂದು ಬಿಳಿಯ ಉದ್ದ ಡಬ್ಬಿ ಕಣ್ಣಿಗೆ ಬಿತ್ತು. ಅದರಲ್ಲಿ 'ಹುಡುಕಿ' ಎಂದು ಬರೆದಿತ್ತು. ಇಷ್ಟು ಹೊತ್ತಿನಲ್ಲಿ ಅವನಿಗೆ ಅರ್ಥವಾದ ಮಾತು ಅದೊಂದೇ. 'ಗುಂಡಿ' ಎಂದು ಬರೆದ. ಅಂಗಿಗೆ ಹಾಕುವ ಗುಂಡಿಗಳ ನಲವತ್ತು ಚಿತ್ರ ಬಂದವು. ಕೆಳಗೆ ರಸ್ತೆಯ ಗುಂಡಿಗಳ ಬಗ್ಗೆ ನಾಗರಿಕರ ದೂರು.

ನೆನಪಣ್ಣ ಡಬ್ಬಿಯಲ್ಲಿದ್ದುದನ್ನು ಅಳಿಸಿದ. ಆಮೇಲೆ ಸುತ್ತ ನೋಡಿ, ಒಂದೇ ಬೆರಳಿನಲ್ಲಿ, ನಿಧಾನವಾಗಿ ಬರೆದ: 'ಮರೆವಿನ ಕಾಯಿಲೆಯ ಮೊದಲ ಲಕ್ಷಣಗಳು'.

ಉತ್ತರ ಬಂತು. ದಿನವೂ ಬಳಸುವ ವಸ್ತು ಎಲ್ಲಿದೆ ಎಂದು ತಿಳಿಯದಿರುವುದು. ಗೊತ್ತಿದ್ದ ಕೆಲಸವನ್ನು ಎಲ್ಲಿಂದ ಶುರು ಮಾಡಬೇಕೆಂದು ತೋಚದಿರುವುದು. ಅವನು ಒಂದೊಂದನ್ನೂ ಓದಿ, ಪರೀಕ್ಷೆಯ ಫಲಿತಾಂಶ ನೋಡುವ ಹುಡುಗನ ಹಾಗೆ ತಲೆ ತಗ್ಗಿಸಿದ. ಮತ್ತೆ ಬರೆದ: 'ಅಪ್ಪನಿಂದ ಮಗನಿಗೆ ಬರುತ್ತದೆಯೇ'. ಅದಾದ ಮೇಲೆ: 'ಐವತ್ತಾರನೇ ವಯಸ್ಸು ಚಿಕ್ಕದಲ್ಲವೇ'. ಕಡೆಗೆ, ಬಹಳ ಹೊತ್ತು ಯೋಚಿಸಿ: 'ಹೆಂಡತಿಗೆ ಹೇಗೆ ತಿಳಿಸುವುದು'.

ಕಿಟಕಿಯ ಆಚೆ ಹಾಲಿನಲ್ಲಿ ಆ ಹೊತ್ತಿಗೆ ಮೂವತ್ತು ಮೂವತ್ತೈದು ಜನ ಕಾಯುತ್ತಿದ್ದರು. ಸರದಿಯ ಸಂಖ್ಯೆ ತೋರಿಸಲು ನೆನಪಣ್ಣನ ಕಿಟಕಿಯ ನೆತ್ತಿಯ ಮೇಲೆ ಬಾಗಿಲಿನಷ್ಟು ಅಗಲದ ಪರದೆಯೊಂದನ್ನು ತೂಗುಹಾಕಿದ್ದರು. ಅದು ಜನರಿಗೆ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಹತ್ತೂಕಾಲಿಗೆ ಅದರ ಮೇಲಿದ್ದ 'ಒಂದು' ಎಂಬ ಅಂಕಿ ಅಳಿಸಿಹೋಗಿ ಅಂಗಿಯ ಗುಂಡಿಗಳು ಕಾಣಿಸಿಕೊಂಡಾಗ ಜನ ಅದು ಜಾಹೀರಾತು ಎಂದುಕೊಂಡಿದ್ದರು. ಮರೆವಿನ ಕಾಯಿಲೆ ಬಂದಾಗ ಆರೋಗ್ಯ ಇಲಾಖೆಯ ಪ್ರಚಾರ ಎಂದುಕೊಂಡರು. 'ಹೆಂಡತಿಗೆ ಹೇಗೆ ತಿಳಿಸುವುದು' ಎಂಬ ಸಾಲು ಒಂದೊಂದೇ ಅಕ್ಷರವಾಗಿ, ನಡುವೆ ಎರಡು ಸಲ ಅಳಿಸಿ ಮತ್ತೆ ಮೂಡಿದಾಗ, ಇಡೀ ಹಾಲು ಸ್ತಬ್ಧವಾಯಿತು. ಕನ್ನಡಕ ತರದವರ ಅನುಕೂಲಕ್ಕಾಗಿ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಮೆಲುದನಿಯಲ್ಲಿ ಓದಿ ಹೇಳಿದರು. ಎಲ್ಲರೂ ಪರದೆಯಿಂದ ಕಣ್ಣಿಳಿಸಿ, ಅದರ ಕೆಳಗಿನ ಕಿಟಕಿಯಲ್ಲಿ ಕೂತವನನ್ನು ನೋಡಿದರು.

ಹೊಸ ಅಪ್ಪ ಮೆಲ್ಲನೆ ಎದ್ದು ಬಂದ. ಮಗುವನ್ನು ಎಬ್ಬಿಸದ ಹಾಗೆ ಮಾತಾಡಿ ಅವನಿಗೆ ಹನ್ನೆರಡು ದಿನದಿಂದ ಅಭ್ಯಾಸವಾಗಿತ್ತು.

"ಸಾರ್, ಗಾಬರಿ ಆಗ್ಬೇಡಿ. ಇದು ನೋಂದಣಿ ಕಚೇರಿ. ನೀವು ಇಲ್ಲಿ ಕೆಲಸ ಮಾಡ್ತೀರಿ."

ನೆನಪಣ್ಣ ಕಣ್ಣು ಬಿಟ್ಟ. "ಅದು ಗೊತ್ತು ನನಗೆ."

"ಗೊತ್ತಿದೆ ಅಲ್ವಾ? ತುಂಬಾ ಒಳ್ಳೇದು" ಎಂದು ಅವನು ಹಿಂದಿದ್ದವರ ಕಡೆ ತಿರುಗಿ, "ಗೊತ್ತಂತೆ" ಎಂದ. ಎಲ್ಲರೂ ಸಮಾಧಾನದಿಂದ ತಲೆದೂಗಿದರು.

ಊರುಗೋಲಿನ ಅಜ್ಜಿಯೊಬ್ಬರು ಸರದಿ ದಾಟಿ ಮುಂದೆ ಬಂದರು. ಯಾರೂ ತಡೆಯಲಿಲ್ಲ. "ಮಗಾ, ತಿಂಡಿ ಆಯ್ತಾ?"

"ಆಯ್ತಮ್ಮ."

"ಆಗಿದ್ದು ನೆನಪಿದೆಯಾ, ಅಥವಾ ಆಗಿರಬೇಕು ಅಂತ ಹೇಳ್ತಿದೀಯಾ?"

ನೆನಪಣ್ಣ ಕೆನ್ನೆ ಮುಟ್ಟಿಕೊಂಡ. ಮುಖ ನೋಡಿದರೇ ತಿಳಿಯುವ ಮಟ್ಟಕ್ಕೆ ಬಂದಿದೆಯೇ ಕಾಯಿಲೆ? ಅಷ್ಟರಲ್ಲಿ ಮೇಷ್ಟ್ರು ಕಿಟಕಿಯ ಕಟ್ಟೆಗೆ ಮೊಣಕೈ ಊರಿದರು.

"ಹದಿನೇಳರ ಮಗ್ಗಿ ಹೇಳಿ ನೋಡೋಣ. ಆತುರ ಇಲ್ಲ."

ಬೇರೆ ದಿನವಾಗಿದ್ದರೆ ನೆನಪಣ್ಣ ಅದನ್ನು ಹಿಂದಿನಿಂದ ಮುಂದಕ್ಕೂ ಹೇಳುತ್ತಿದ್ದ. ಇವತ್ತು ಮೂವತ್ತು ಜನ ಉಸಿರು ಬಿಗಿಹಿಡಿದು ತುಟಿಯನ್ನೇ ನೋಡುತ್ತಿರುವಾಗ ಹದಿನೇಳಾರಲಿ ನೂರಾ ಎರಡರ ತನಕ ಬಂದು, ಹದಿನೇಳೇಳಲಿ ನೂರಾ ಹದಿನೆಂಟು ಎಂದುಬಿಟ್ಟ. ಹಾಲಿನಲ್ಲೆಲ್ಲ "ಚ್ಚು ಚ್ಚು" ಕೇಳಿಸಿತು.

"ನನಗೂ ಬರಲ್ಲ ಬಿಡಿ ಸಾರ್" ಎಂದ ಹಿಂದಿನಿಂದ ಒಬ್ಬ ಲಾರಿ ಡ್ರೈವರ್. "ನನಗೆ ಹತ್ತರದೇ ಬರಲ್ಲ."

ಇನ್ನೊಬ್ಬಳು ಹೆಂಗಸು ತನ್ನ ಮಾವನಿಗೂ ಹೀಗೇ ಆಗಿತ್ತೆಂದೂ, ದಿನಾ ಬೆಳಿಗ್ಗೆ ಎಡಗೈಯಲ್ಲಿ ಹಲ್ಲುಜ್ಜಿದ್ದರಿಂದ ಅರ್ಧ ವಾಸಿಯಾಯಿತೆಂದೂ ಹೇಳಿದಳು. ಯಾವ ಅರ್ಧ ಎಂದು ಮೇಷ್ಟ್ರು ಕೇಳಿದರು. ಹೀಗೆ ಚರ್ಚೆ ರಂಗೇರುತ್ತಿರುವಾಗ, ಟೀ ಕುಡಿಯಲು ಹೋಗಿದ್ದ ಟಪಾಲಕ್ಕ ಹಾಲಿನ ಬಾಗಿಲಿನಿಂದ ಒಳಗೆ ಬಂದಳು. ಪರದೆ ನೋಡಿದಳು. ಹೆಂಡತಿಯ ವಿಷಯದ ಸಾಲು ಇನ್ನೂ ಅಲ್ಲೇ ಇತ್ತು. ಅವಳು ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ಆ ಪರದೆಯ ಪ್ಲಗ್ಗನ್ನು ಕಿತ್ತಳು. ಒಳಗೆ ಬಂದು ನೆನಪಣ್ಣನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅವಳ ಕಣ್ಣು ಒದ್ದೆಯಾಗಿತ್ತು.

"ಅಣ್ಣ, ನನಗೊಂದು ಮಾತು ಹೇಳಬಾರದಿತ್ತಾ? ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತಿದೀನಿ."

"ಏನು ಹೇಳೋದು?"

"ಕಾಯಿಲೆ ವಿಷಯ."

ನೆನಪಣ್ಣನ ದನಿ ಕುಗ್ಗಿತು. "ನಿನಗೆ ಯಾರು ಹೇಳಿದ್ರು?"

"ನೀವೇ ಹೇಳಿದ್ರಲ್ಲ. ಇಡೀ ಹಾಲಿಗೆ ಹೇಳಿದ್ರಿ."

"ನಾನಾ? ಯಾವಾಗ?"

"ಈಗ ಹತ್ತು ನಿಮಿಷದ ಹಿಂದೆ."

ನೆನಪಣ್ಣ ಕುರ್ಚಿಗೆ ಒರಗಿದ. ಅವನಿಗೆ ಅದು ಒಂಚೂರೂ ನೆನಪಿರಲಿಲ್ಲ.

ಅಧಿಕಾರಿ ಮೇಡಂ ಬೆಳಿಗ್ಗೆ ಯಾವುದೋ ಸಭೆಗೆ ಹೋಗಿದ್ದರು. ಟಪಾಲಕ್ಕನೇ ಅವನಿಗೆ ಅರ್ಧ ದಿನ ರಜೆ ಮಂಜೂರು ಮಾಡಿದಳು. ಅವನ ಹೆಂಡತಿಗೂ ಅವಳೇ ಫೋನ್ ಮಾಡಿದಳು. "ಗಾಬರಿ ಆಗೋಂಥದ್ದೇನಿಲ್ಲ ಅಕ್ಕ, ಆದ್ರೂ ಬೇಗ ಬನ್ನಿ" ಎಂದಳು. ಒಂದು ಚೀಟಿಯಲ್ಲಿ ಅವನ ಹೆಸರು, ಮನೆ ವಿಳಾಸ, ಹೆಂಡತಿಯ ನಂಬರು ಬರೆದು, ಅಂಗಿಯ ಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿದಳು. ಆಸ್ಪತ್ರೆ ಎರಡೇ ಬೀದಿ ಆಚೆ ಇತ್ತು. ಆದರೂ ಲಾರಿ ಡ್ರೈವರ್ ತನ್ನ ಸರದಿ ಬಿಟ್ಟು ಅವನ ಜೊತೆ ನಡೆದು ಬಂದ. ತಿರುವು ಬಂದಾಗಲೆಲ್ಲ "ಎಡಕ್ಕೆ ಸಾರ್, ಇದು ಎಡ" ಎಂದು ಕೈ ಮಾಡಿ ತೋರಿಸಿದ.

ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ ಆಗಲೇ ಬಂದು ಕೂತಿದ್ದಳು. ಅವನನ್ನು ಕಂಡವಳೇ ಎದ್ದು ಅವನ ಅಂಗಿಯ ತೋಳು ಹಿಡಿದುಕೊಂಡಳು. ಮಾವನಿಗೆ ಕೊನೆಯ ನಾಲ್ಕು ವರ್ಷ ತುತ್ತು ಮಾಡಿ ಉಣಿಸಿದವಳು ಅವಳೇ.

"ನಿನ್ನ ಕಾಲಿನ ಚಪ್ಪಲಿ ಒಂದೊಂದು ಒಂದೊಂದು ಜೊತೆಯದು" ಎಂದ ನೆನಪಣ್ಣ.

ಅವಳು ಕೆಳಗೆ ನೋಡಿಕೊಂಡಳು. "ಇದೆಲ್ಲ ಕಾಣತ್ತಲ್ಲ ನಿಮಗೆ."

"ಅದು ಕಾಣತ್ತೆ. ಕೆಲಸದ್ದೇ ಕಾಣ್ತಿಲ್ಲ."

ಡಾಕ್ಟರಮ್ಮ ವಯಸ್ಸಾದವರು. ಈ ಗಂಡಹೆಂಡತಿಯ ಕೆಮ್ಮು ನೆಗಡಿಗಳನ್ನೆಲ್ಲ ಬಲ್ಲವರು. ಅವನ ನಾಡಿ ಹಿಡಿದು, ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಏನೇನು ಮರೀತೀರಿ?" ಎಂದು ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಮದುವೆ ದಿನ ಮರೀತಾರೆ, ನಮ್ಮಣ್ಣ ಬರೋದು ಮರೀತಾರೆ, ಒದ್ದೆ ಟವೆಲ್ ಒಣಗಿಸೋದು ಮರೀತಾರೆ."

"ಎಷ್ಟು ದಿನದಿಂದ?"

"ಇಪ್ಪತ್ತೆಂಟು ವರ್ಷದಿಂದ."

"ಅದು ಕಾಯಿಲೆ ಅಲ್ಲಮ್ಮ" ಎಂದು ಡಾಕ್ಟರಮ್ಮ ಅವನ ಕಡೆ ತಿರುಗಿದರು. "ಈಗ ನಾನು ಮೂರು ವಸ್ತು ಹೇಳ್ತೀನಿ. ಮನಸ್ಸಲ್ಲಿ ಇಟ್ಕೊಳ್ಳಿ, ಆಮೇಲೆ ಕೇಳ್ತೀನಿ. ಕೊಡೆ, ಏಣಿ, ನಿಂಬೆಹಣ್ಣು."

ನೆನಪಣ್ಣ ಮೂರನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಕೊಡೆಯನ್ನು ಏಣಿಗೆ ತೂಗುಹಾಕಿ, ನಿಂಬೆಹಣ್ಣನ್ನು ಮೇಲಿನ ಮೆಟ್ಟಿಲಲ್ಲಿ ಇಟ್ಟು, ಮನಸ್ಸಿನೊಳಗೇ ಕಾವಲು ಕೂತ.

ಡಾಕ್ಟರಮ್ಮ ಅವನ ಹಳೆಯ ದಾಖಲೆ ನೋಡಲು ತಮ್ಮ ಕಂಪ್ಯೂಟರಿನ ಕಡೆ ತಿರುಗಿದರು. ಒಮ್ಮೆ ಒತ್ತಿದರು. ಇನ್ನೊಮ್ಮೆ ಒತ್ತಿದರು. ಕನ್ನಡಕ ತೆಗೆದು ಬಗ್ಗಿ ನೋಡಿದರು. ಎರಡು ನಿಮಿಷವಾಯಿತು, ನಾಲ್ಕು ನಿಮಿಷವಾಯಿತು. ಅವರ ಹಣೆಯ ಮೇಲೆ ಬೆವರು ಕಾಣಿಸಿತು.

"ಹಾಳಾದ್ದು ಎಲ್ಲಿ ಹೋಯ್ತು ಇದು" ಎಂದು ಗೊಣಗಿದರು. "ಶನಿವಾರದ ತನಕ ಇಲ್ಲೇ ಮೂಲೆಯಲ್ಲಿ ಬಿದ್ದಿತ್ತು."

ನೆನಪಣ್ಣ ಕುರ್ಚಿಯ ತುದಿಗೆ ಬಂದ. "ಯಾವುದು ಡಾಕ್ಟ್ರೇ?"

"ಒಂದು ಗುಂಡಿ ರೀ. ನಿನ್ನೆ ಇದಕ್ಕೆ ಏನೋ ಹೊಸ ರೂಪ ಹಾಕಿ ಹೋಗಿದಾರೆ. ಎಲ್ಲಾ ಅಲ್ಲಿದ್ದಿದ್ದು ಇಲ್ಲಿ, ಇಲ್ಲಿದ್ದಿದ್ದು ಅಲ್ಲಿ. ಮೂಲೆಯಲ್ಲಿ ನೋಡಿದ್ರೆ ಬಿಸಿಲು ಎಷ್ಟಿದೆ ಅಂತ ಹೇಳುತ್ತೆ. ಬಿಸಿಲು ಕಟ್ಕೊಂಡು ನಾನೇನು ಮಾಡ್ಲಿ?"

"ಮೋಡದ ಹಿಂದೆ ಸೂರ್ಯ ಇಣುಕ್ತಾನಾ?"

"ಹೌದು. ನಿಮಗೆ ಹೇಗೆ ಗೊತ್ತು?"

ನೆನಪಣ್ಣ ಎದ್ದು ಮೇಜು ಸುತ್ತಿ ಬಂದು ಅವರ ಪರದೆ ನೋಡಿದ. ಅದೇ ಬೆಟ್ಟ. ಅದೇ ಬಿಳಿಯ ಉದ್ದ ಡಬ್ಬಿ. ಅದೇ ಸೂರ್ಯ. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತು. ಅವನು ಅಲ್ಲೇ, ಡಾಕ್ಟರಮ್ಮನ ಔಷಧದ ಕಪಾಟಿಗೆ ಒರಗಿ, ನಗಲು ಶುರುಮಾಡಿದ. ಹೆಂಡತಿ ಹೆದರಿ ಎದ್ದು ನಿಂತಳು.

"ನನಗೇನೂ ಆಗಿಲ್ಲ ಕಣೇ" ಎಂದ. "ಬದಲಾಗಿದ್ದು ಅದು. ನಾನಲ್ಲ."

ಅಷ್ಟರಲ್ಲಿ ಡಾಕ್ಟರಮ್ಮನ ಸಹಾಯಕಿ ಬಾಗಿಲಿನಿಂದಲೇ, "ಗುಂಡಿ ಈಗ ಮಧ್ಯದಲ್ಲಿದೆ ಮೇಡಂ, ಕೆಳಗಡೆ ಪಟ್ಟಿಯ ಮಧ್ಯದಲ್ಲಿ" ಎಂದಳು. ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು. ಇತ್ತು. ಯಾರ ತಂಟೆಗೂ ಹೋಗದವನ ಹಾಗೆ ನಡುವೆ ಕೂತಿತ್ತು.

"ಇರಲಿ, ಪರೀಕ್ಷೆ ಪೂರ್ತಿ ಮಾಡೋಣ" ಎಂದರು ಡಾಕ್ಟರಮ್ಮ. "ನಾನು ಹೇಳಿದ ಮೂರು ವಸ್ತು ಯಾವ್ಯಾವುದು?"

"ಕೊಡೆ, ಏಣಿ, ನಿಂಬೆಹಣ್ಣು."

ಡಾಕ್ಟರಮ್ಮ ಸ್ವಲ್ಪ ತಡೆದರು. "ನಿಂಬೆಹಣ್ಣು ಅಂದಿದ್ನಾ, ಕಿತ್ತಳೆ ಅಂದಿದ್ನಾ?"

"ನಿಂಬೆಹಣ್ಣು."

"ಹಾಗಿದ್ರೆ ನಿಮಗೇನೂ ಇಲ್ಲ. ಮನೆಗೆ ಹೋಗಿ."

ಬೀದಿಗೆ ಬಂದ ಮೇಲೆ ಹೆಂಡತಿ ಅವನ ಜೇಬಿನ ಚೀಟಿಯನ್ನು ಪಿನ್ನು ಸಮೇತ ಕಿತ್ತು ಹರಿದು ಹಾಕಿದಳು. ಆಮೇಲೆ ಬೈಯಲು ಶುರುಮಾಡಿದಳು. ಒಂದು ಗುಂಡಿ ಕಾಣಲಿಲ್ಲವೆಂದು ಇಡೀ ಪಟ್ಟಣಕ್ಕೆ ಡಂಗುರ ಹೊಡೆದ ಗಂಡಸು ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ, ಒಲೆಯ ಮೇಲಿಟ್ಟ ಹಾಲು ಉಕ್ಕಿ ಅಡುಗೆಮನೆಯೆಲ್ಲ ಹೊಳೆಯಾಗಿರಬೇಕು, ಈ ಚಪ್ಪಲಿಯಲ್ಲಿ ಅರ್ಧ ಊರು ತನ್ನನ್ನು ನೋಡಿತು. ಬೈಯುತ್ತ ಬೈಯುತ್ತಲೇ ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡಳು. ಅಂಗಿಯ ತೋಳನ್ನು ಮಾತ್ರ ಬಿಡಲಿಲ್ಲ. ನೆನಪಣ್ಣನಿಗೆ ಅಷ್ಟು ಹಿತವಾದ ಬೈಗುಳವನ್ನು ಕೇಳಿದ ನೆನಪಿರಲಿಲ್ಲ.

ಎರಡೂವರೆಗೆ ಕಚೇರಿಗೆ ವಾಪಸು ಬಂದ. ಹಾಲಿನಲ್ಲಿ ಹತ್ತು ಹನ್ನೆರಡು ಜನ ಉಳಿದಿದ್ದರು. ಹೊಸ ಅಪ್ಪ ಬೆಂಚಿಗೆ ಒರಗಿ, ಬಾಯಿ ತೆರೆದು, ಹನ್ನೆರಡು ದಿನದ ನಿದ್ದೆಯನ್ನು ಒಟ್ಟಿಗೇ ಮಾಡುತ್ತಿದ್ದ. ನೆನಪಣ್ಣ ನೆಟ್ಟಗೆ ಹೋಗಿ ಕುರ್ಚಿಯಲ್ಲಿ ಕೂತು, ಪಟ್ಟಿಯ ಮಧ್ಯದ ಗುಂಡಿ ಒತ್ತಿದ. ಪಟ್ಟಿ ಎದ್ದು ಬಂತು. ಜನನದ ಪುಸ್ತಕ ಮೂರನೆಯ ಸಾಲಿನಲ್ಲಿರಲಿಲ್ಲ, ಹನ್ನೊಂದನೆಯದರಲ್ಲಿತ್ತು. ಇದ್ದರೆ ಸಾಕು. ಪ್ರಮಾಣಪತ್ರ ಮುದ್ರಿಸಿ, ಮೊಹರು ಒತ್ತಿ, ತಾನೇ ಹೊರಗೆ ಹೋಗಿ ಆ ಹುಡುಗನ ಭುಜ ತಟ್ಟಿ ಎಬ್ಬಿಸಿದ.

ಅವನು ಕಣ್ಣುಜ್ಜಿಕೊಂಡು ಕಾಗದ ನೋಡಿದ, ನೆನಪಣ್ಣನ ಮುಖ ನೋಡಿದ. "ಸಾರ್, ನೀವು ಹುಷಾರಾದ್ರಾ?"

"ಪೂರ್ತಿ" ಎಂದ ನೆನಪಣ್ಣ. "ಹದಿನೇಳೇಳಲಿ ನೂರಾ ಹತ್ತೊಂಬತ್ತು. ಮೇಷ್ಟ್ರು ಸಿಕ್ಕಿದ್ರೆ ಹೇಳಿಬಿಡು."

ಟಪಾಲಕ್ಕನಿಗೂ ಎಲ್ಲವನ್ನೂ ವಿವರಿಸಿದ. ಅವಳು ಹಾಲಿನ ಪರದೆಯ ಸಂಗತಿಯನ್ನು ಅವನಿಗೆ ವಿವರಿಸಿದಳು. ನೆನಪಣ್ಣನ ಕಿವಿ ಕೆಂಪಾದವು. ಆದರೆ ಮರೆವು ಹಿಡಿದಿದೆ ಎಂದುಕೊಂಡಿದ್ದವನಿಗೆ ಬರೀ ಮಾನ ಹೋಗಿದೆ ಎಂದು ತಿಳಿದರೆ ಅದೂ ಒಂದು ಬಗೆಯ ಲಾಭವೇ. "ಹೋಗ್ಲಿ ಬಿಡು" ಎಂದು ಹಗುರಾಗಿ ನಕ್ಕುಬಿಟ್ಟ.

ನಾಲ್ಕು ಗಂಟೆಗೆ ಮೇಡಂ ಕರೆಸಿದರು. ಅಧಿಕಾರಿ ಮೇಡಂ ಅವನಿಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಕಡಿಮೆ. ಮೇಜಿನ ಮೇಲೆ ಒಂದು ತೆಳ್ಳಗಿನ ಕಡತವಿತ್ತು.

"ಬೆಳಿಗ್ಗೆ ಹಾಲಿನಲ್ಲಿ ಏನೋ ಆಯ್ತಂತೆ."

"ಅದೇನೂ ನನ್ನ ತಪ್ಪಲ್ಲ ಮೇಡಂ" ಎಂದು ನೆನಪಣ್ಣ ಧೈರ್ಯವಾಗಿಯೇ ಹೇಳಿದ. "ನನ್ನ ಕಂಪ್ಯೂಟರ್‌ಗೆ ಹೊಸ ರೂಪ ಹಾಕ್ತೀವಿ ಅಂತ ನನಗೆ ಯಾರೂ ಒಂದು ಮಾತು ಹೇಳಿಲ್ಲ. ಎಲ್ಲರದ್ದೂ ಬಿಟ್ಟು ನನ್ನದಕ್ಕೇ ಯಾಕೆ ಹಾಕಿದ್ರೋ, ಅದೂ ಗೊತ್ತಿಲ್ಲ."

ಮೇಡಂ ಅವನನ್ನು ಒಂದು ಗಳಿಗೆ ನೋಡಿದರು. "ನಿಮ್ಮದಕ್ಕೇ ಹಾಕಿದ್ದು, ಅದನ್ನ ಕಲಿತು ಬಂದಿರೋದು ಈ ಕಚೇರಿಯಲ್ಲಿ ನೀವೊಬ್ಬರೇ ಅಂತ."

"ನಾನಾ?"

"ಹೋದ ತಿಂಗಳು ಕೇಂದ್ರ ಕಚೇರಿಯಲ್ಲಿ ತರಬೇತಿ ಇತ್ತಲ್ಲ. ಮೂರು ದಿನ."

ಕಡತ ತೆರೆದು ಅವನ ಕಡೆ ತಳ್ಳಿದರು. ಹಾಜರಿ ಪಟ್ಟಿ. ಮೂರು ದಿನಕ್ಕೂ ಅವನ ಸಹಿ, ಬಾಲ ತಿರುಗಿಸಿದ ಅದೇ ಸಹಿ. ಅದರ ಕೆಳಗೆ, 'ಹೊಸ ಕಂಪ್ಯೂಟರ್ ವ್ಯವಸ್ಥೆಯ ಬಳಕೆಯಲ್ಲಿ ತರಬೇತಿ ಪಡೆದಿರುತ್ತಾರೆ' ಎಂದು ಅವನ ಪೂರ್ತಿ ಹೆಸರಿನ ಪ್ರಮಾಣಪತ್ರ.

ನೆನಪಣ್ಣ ಸಹಿಯ ಮೇಲೆ ಬೆರಳಾಡಿಸಿದ. ಕುರ್ಚಿಯ ಬೆನ್ನು ಹಿಡಿದುಕೊಂಡ. ಹೋಗಿದ್ದು ನೆನಪಿತ್ತು. ಬಸ್ಸು ನೆನಪಿತ್ತು, ಅಲ್ಲಿನ ಮೆತ್ತನೆಯ ಕುರ್ಚಿ ನೆನಪಿತ್ತು, ತಂಪಾದ ಸಭಾಂಗಣ, ಮಂದ ಬೆಳಕು, ಮೂರೂ ದಿನದ ಊಟ ನೆನಪಿತ್ತು. ಆದರೆ ಆ ಕುರ್ಚಿಯಲ್ಲಿ ಕೂತು ಕೇಳಿದ್ದು, ನೋಡಿದ್ದು, ಕಲಿತದ್ದು? ಒಂದು ಅಕ್ಷರವೂ ಇರಲಿಲ್ಲ. ಆ ಸಭೆ ಕಚೇರಿಯ ಸ್ವಚ್ಛತೆಯ ಬಗ್ಗೆ ನಡೆದದ್ದೆಂದೇ ಅವನು ಈ ಹೊತ್ತಿನ ತನಕ ತಿಳಿದಿದ್ದ. ಮೂರು ದಿನಗಳ ಕಲಿಕೆ ತಲೆಯಿಂದ ಒರೆಸಿ ಹಾಕಿದ ಹಾಗೆ ಹೋಗಿತ್ತು. ಡಾಕ್ಟರಮ್ಮ ತಪ್ಪಿದರು. ಅಪ್ಪ ತಮ್ಮ ಅಂಗಡಿಯ ಮುಂದೆ ನಿಂತಿದ್ದ ಚಿತ್ರ ಮತ್ತೆ ಕಣ್ಣ ಮುಂದೆ ಬಂತು.

"ಮೇಡಂ" ಎಂದ, "ನನಗೆ ನಿಜವಾಗಿಯೂ ಏನೋ ಆಗಿದೆ."

"ಕೂತ್ಕೊಳ್ಳಿ. ಫೋಟೋಗಳೂ ಇವೆ" ಎಂದು ಮೇಡಂ ಪುಟ ತಿರುವಿದರು.

ಮೂರು ಫೋಟೋ. ದಿನಕ್ಕೊಂದು. ಮೂರರಲ್ಲೂ ಮೊದಲ ಸಾಲಿನ ನಟ್ಟನಡುವೆ ನೆನಪಣ್ಣ. ಮೊದಲ ದಿನ ಬಿಳಿ ಅಂಗಿ, ಎರಡನೆಯ ದಿನ ಗೆರೆ ಅಂಗಿ, ಮೂರನೆಯ ದಿನ ತಿಳಿನೀಲಿ. ಅಂಗಿ ಬದಲಾಗಿತ್ತೇ ಹೊರತು ಭಂಗಿ ಬದಲಾಗಿರಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ, ಗಲ್ಲ ಎದೆಗೆ ತಾಗಿ, ಕೆಳತುಟಿ ಜೋತುಬಿದ್ದಿತ್ತು. ಎರಡನೆಯ ದಿನ ಪಕ್ಕದವರ ಭುಜದ ಮೇಲೆ ತಲೆ ಇತ್ತು. ಪಕ್ಕದವರು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು.

ನೆನಪಣ್ಣ ಮೂರು ಫೋಟೋಗಳನ್ನೂ ಎರಡೆರಡು ಸಲ ನೋಡಿದ. ಅವನ ಮುಖ ಮೆಲ್ಲಮೆಲ್ಲಗೆ ಅರಳಿತು.

"ಮೇಡಂ, ನಾನು ನಿದ್ದೆ ಮಾಡಿದೀನಿ."

"ಕಾಣುತ್ತೆ."

"ಮರೆತಿಲ್ಲ ಮೇಡಂ. ಕೇಳೇ ಇಲ್ಲ. ಒಂದು ಮಾತೂ ಕಿವಿಗೆ ಬಿದ್ದಿಲ್ಲ. ಮೂರೂ ದಿನ, ಬೆಳಗಿಂದ ಸಂಜೆ ತನಕ ನಿದ್ದೆ." ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಗಿ ಅವನ ಕಣ್ಣಲ್ಲಿ ನೀರು ಬಂತು. ಮೇಲಧಿಕಾರಿಯ ಮುಂದೆ ನಿಂತು ಇಷ್ಟು ಸಂತೋಷದಿಂದ ಇಂಥ ತಪ್ಪನ್ನು ಒಪ್ಪಿಕೊಂಡ ನೌಕರ ಆ ಇಲಾಖೆಯಲ್ಲಿ ಬೇರೆ ಯಾರೂ ಇದ್ದಿರಲಿಕ್ಕಿಲ್ಲ.

ಮೇಡಂ ಅವನು ಕಣ್ಣೊರೆಸಿಕೊಳ್ಳುವ ತನಕ ಕಾದರು. ಆಮೇಲೆ ಕಡತದ ಕೊನೆಯ ಹಾಳೆ ತೆಗೆದು, "ತರಬೇತಿ ಕೊಟ್ಟವರು ಕಳಿಸಿದ ವರದಿ. ನಿಮ್ಮ ಬಗ್ಗೆ ಒಂದು ಮಾತು ಬರೆದಿದಾರೆ" ಎಂದು ಓದಿದರು.

'ಕೊನೆಯ ದಿನ, ತಮ್ಮ ತಮ್ಮ ಕಚೇರಿಯ ಉಳಿದ ಸಿಬ್ಬಂದಿಗೆ ಇದನ್ನು ಕಲಿಸುವ ಹೊಣೆಯನ್ನು ಯಾರು ಹೊರಲು ಸಿದ್ಧರಿದ್ದೀರಿ ಎಂದು ಕೇಳಲಾಯಿತು. ಎಲ್ಲರೂ ಹಿಂಜರಿಯುತ್ತಿದ್ದಾಗ ಮೊದಲ ಸಾಲಿನಲ್ಲಿದ್ದ ಇವರು ಕೂಡಲೇ ತಲೆಯಾಡಿಸಿ ಒಪ್ಪಿಗೆ ಸೂಚಿಸಿದರು. ಸಂದೇಹ ಬೇಡವೆಂದು ಎರಡನೆಯ ಸಲ ಕೇಳಿದಾಗಲೂ, ಮೂರನೆಯ ಸಲ ಕೇಳಿದಾಗಲೂ ತಲೆಯಾಡಿಸುತ್ತಲೇ ಇದ್ದರು. ಇವರ ಉತ್ಸಾಹ ಇತರರಿಗೆ ಮಾದರಿ.'

ಓದಿದ ಹಾಳೆಯನ್ನು ಮತ್ತೆ ಕಡತದೊಳಗೆ ಸೇರಿಸಿದರು.

"ಇವತ್ತು ಐದು ಗಂಟೆಗೆ ಉಳಿದ ಎಲ್ಲ ಕಂಪ್ಯೂಟರ್‌ಗೂ ಹೊಸದನ್ನ ಹಾಕ್ತಾರೆ" ಎಂದರು ಮೇಡಂ. "ನಾಳೆ ಹತ್ತು ಗಂಟೆಗೆ ಮಹಡಿ ಮೇಲೆ ನಿಮ್ಮ ಪಾಠ. ಇಪ್ಪತ್ತಾರು ಜನ. ಕೇಂದ್ರ ಕಚೇರಿಯಿಂದ ಇಬ್ಬರು ನೋಡೋಕೆ ಬರ್ತಾರೆ. ಆಗಲ್ಲ ಅನ್ನೋದಾದ್ರೆ ಕಾರಣ ಬರೆದುಕೊಡಿ. ಮರೆತುಹೋಗಿದೆ ಅಂತ ಬರೆದ್ರೆ ವೈದ್ಯಕೀಯ ಮಂಡಳಿ ಮುಂದೆ ಕಳಿಸ್ಬೇಕಾಗುತ್ತೆ. ನಿದ್ದೆ ಮಾಡಿದ್ದೆ ಅಂತ ಬರೆದ್ರೆ ಏನು ಮಾಡ್ಬೇಕು ಅಂತ ನಾನು ಮೇಲಿನವರನ್ನ ಕೇಳ್ಬೇಕಾಗುತ್ತೆ." ಪೆನ್ನಿನ ಮುಚ್ಚಳ ತೆಗೆದು ಅವನ ಮುಂದಿಟ್ಟರು. "ಏನಂತೀರಿ, ಪಾಠ ಮಾಡ್ತೀರಾ?"

ನೆನಪಣ್ಣ ಕಿಟಕಿಯ ಆಚೆ ನೋಡಿದ. ಟಪಾಲಕ್ಕ ತನ್ನ ಹಳೆಯ ಪರದೆಯ ಮುಂದೆ, ನಾಳೆಯ ಗೊಡವೆಯಿಲ್ಲದೆ, ನೆಮ್ಮದಿಯಾಗಿ ಕಾಗದಗಳನ್ನು ದಾಖಲಿಸುತ್ತಿದ್ದಳು. ಅವನು ಪೆನ್ನು ಕೈಗೆತ್ತಿಕೊಂಡು, ಮೇಡಂ ಮುಖ ನೋಡಿ, ಈ ಸಲ ಎರಡೂ ಕಣ್ಣು ತೆರೆದುಕೊಂಡೇ ತಲೆಯಾಡಿಸಿದ.